ಕೆಳಗಿನ ಪಟ್ಟಿಕೆ

1907ರಲ್ಲಿ ಕೆನಡಾದ ಐಸ್ ಹಾಕಿ ಎರಡು ಸಾವುಗಳನ್ನು ಕಂಡಿತು. ಮಾರ್ಚ್ 6ರಂದು ಒಂಟಾರಿಯೊ ಪ್ರಾಂತದ ಕಾರ್ನ್‌ವಾಲ್ ಊರಿನಲ್ಲಿ ಪಂದ್ಯದ ನಡುವೆ ಜಗಳ ಹತ್ತಿಕೊಂಡು ಓವೆನ್ ಮೆಕೋರ್ಟ್ ಎಂಬ ಆಟಗಾರರ ತಲೆಗೆ ಸ್ಟಿಕ್ಕಿನ ಏಟು ಬಿತ್ತು. ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಏಟು ಹಾಕಿದ ಚಾರ್ಲ್ಸ್ ಮ್ಯಾಸನ್ ಮೇಲೆ ಮೊಕದ್ದಮೆ ನಡೆಯಿತು. ಅದಕ್ಕೂ ಮುಂಚೆ ಇನ್ನೊಬ್ಬ ಆಟಗಾರನೂ ಮೆಕೋರ್ಟ್‌ಗೆ ಹೊಡೆದಿದ್ದನೆಂದು ಸಾಕ್ಷಿಗಳು ಹೇಳಿದರು. ಯಾವ ಏಟಿನಿಂದ ಜೀವ ಹೋಯಿತೆಂದು ಹೇಳಲಾಗದ ಕಾರಣ ಮ್ಯಾಸನ್ ಬಿಡುಗಡೆಯಾದರು. ಜೂನ್ 23ರಂದು ಹಾಡ್ ಸ್ಟುವರ್ಟ್ ಈಜಲೆಂದು ನೀರಿಗೆ ಧುಮುಕಿದರು. ಅಲ್ಲಿ ಆಳವಿರಲಿಲ್ಲ, ಬಂಡೆಗೆ ತಲೆ ಬಡಿದು ಸತ್ತರು. ಸ್ಟುವರ್ಟ್ ಆ ಕಾಲದ ಬಹು ದೊಡ್ಡ ಹೆಸರು, ಹಣ ಪಡೆದು ಹಾಕಿ ಆಡಿದ ಮೊದಲ ತಲೆಮಾರಿನವರು, ಮೂರು ತಿಂಗಳ ಹಿಂದಷ್ಟೇ ಮಾಂಟ್ರಿಯಲ್ ವಾಂಡರರ್ಸ್ ತಂಡದೊಂದಿಗೆ ಸ್ಟ್ಯಾನ್ಲಿ ಕಪ್ ಗೆದ್ದಿದ್ದವರು. ಅವರ ಹೆಂಡತಿ ಮಕ್ಕಳಿಗೆ ನೆರವಾಗಲೆಂದು 1908ರ ಜನವರಿ 2ರಂದು ಮಾಂಟ್ರಿಯಲ್‌ನಲ್ಲಿ ಒಂದು ಪಂದ್ಯ ಏರ್ಪಟ್ಟಿತು. ಒಂದು ಕಡೆ ಅವರದೇ ತಂಡ, ಇನ್ನೊಂದು ಕಡೆ ಉಳಿದ ತಂಡಗಳಿಂದ ಆಯ್ದ ಆಟಗಾರರು. ಸುಮಾರು 3,500 ಜನ ಸೇರಿದರು, 2,000 ಡಾಲರ್‌ಗೂ ಸ್ವಲ್ಪ ಹೆಚ್ಚು ಹಣ ಕೂಡಿತು. ಆಲ್‌ಸ್ಟಾರ್ ಪಂದ್ಯಗಳ ಚರಿತ್ರೆ ಬರೆಯುವವರು ಇಲ್ಲಿಂದಲೇ ಶುರುಮಾಡುತ್ತಾರೆ. ಒಂದು ಸಾವಿನ ಬಗ್ಗೆ ಊರು ಪ್ರಶ್ನೆ ಕೇಳಿತು, ಉತ್ತರ ಸಿಗದೆ ಸುಮ್ಮನಾಯಿತು, ಇನ್ನೊಂದನ್ನು ನೆನಪಿಟ್ಟುಕೊಂಡಿತು. ಆ ವರ್ಷ ಬೇರೆಯಾದ ಈ ಎರಡು ದಾರಿಗಳು, ಅಂದರೆ ಸಾವು ಹೇಗಾಯಿತು ಎಂಬ ಪ್ರಶ್ನೆ ಮತ್ತು ಸತ್ತವರ ನೆನಪು, ಆ ಆಟದಲ್ಲಿ ನೂರು ವರ್ಷ ಒಂದಾಗಲೇ ಇಲ್ಲ ಎಂಬುದು ನನ್ನ ವಾದ.

ಹಾಕಿ ಎಂದರೆ ನಮ್ಮ ಕಣ್ಣಮುಂದೆ ಬರುವುದು ಹುಲ್ಲಿನ ಮೈದಾನ, ಮನೆತನದ ಹೆಸರಿನಲ್ಲಿ ತಂಡ ಕಟ್ಟಿ ಆಡುವ ಕೊಡಗಿನ ಹಾಕಿ ಹಬ್ಬ. ಕೆನಡಾದಲ್ಲಿ ಅದೇ ಪದಕ್ಕೆ ಅರ್ಥ ಬೇರೆ. ಸುತ್ತ ಹಲಗೆಯ ಗೋಡೆ, ನೆಲಕ್ಕೆ ಕಲ್ಲಿನಷ್ಟು ಗಟ್ಟಿಯಾದ ಮಂಜುಗಡ್ಡೆ, ಕಾಲಿಗೆ ಉಕ್ಕಿನ ಅಲಗು, ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ಎದುರಾಳಿಯನ್ನು ಮೈಯಿಂದ ಗುದ್ದಿ ಉರುಳಿಸುವುದು ಅಲ್ಲಿ ನಿಯಮಬದ್ಧ ಆಟ. ಕೈಗವಸು ಬಿಸಾಕಿ ಮುಷ್ಟಿಯುದ್ಧಕ್ಕೆ ಇಳಿದರೆ ನಿಯಮ ಮುರಿದಂತೆಯೇ, ಆದರೆ ಅದಕ್ಕಿರುವ ಶಿಕ್ಷೆ ಐದು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಕೂರುವುದು, ಅಷ್ಟೇ. ಇಂಥ ಆಟದಲ್ಲಿ ಸತ್ತವರನ್ನು ನೆನೆಯುವ ಪದ್ಧತಿಗಳು ಬಹಳ ಬೆಳೆದಿವೆ. ಆಟಗಾರನ ಹೆಸರಿನಲ್ಲಿ ಟ್ರೋಫಿ ಇಡುತ್ತಾರೆ. ಅವನು ತೊಟ್ಟ ಜೆರ್ಸಿಯ ಅಂಕಿಯನ್ನು ಮತ್ತೊಬ್ಬರಿಗೆ ಕೊಡದೆ, ಬಟ್ಟೆಯ ಪಟದಲ್ಲಿ ಬರೆದು ಕ್ರೀಡಾಂಗಣದ ಸೂರಿಗೆ ಏರಿಸುತ್ತಾರೆ. ಪಂದ್ಯಕ್ಕೆ ಮೊದಲು ದೀಪ ಆರಿಸಿ ಒಂದು ನಿಮಿಷ ಮೌನ ನಿಲ್ಲುತ್ತಾರೆ. ಇವುಗಳಲ್ಲಿ ಯಾವುದನ್ನೂ ನಾನು ಹಗುರವಾಗಿ ಕಾಣುವುದಿಲ್ಲ. ಹದಿನೆಂಟು ಸಾವಿರ ಜನ ಒಟ್ಟಿಗೆ ಉಸಿರು ಬಿಗಿಹಿಡಿದು ನಿಲ್ಲುವ ಆ ಒಂದು ನಿಮಿಷದಲ್ಲಿ ನಿಜವಾದ ದುಃಖವಿದೆ.

ಆದರೂ ಏನೋ ಬಿಟ್ಟುಹೋಗಿದೆ. ಏನೆಂದು ಹೇಳಲು ನಮ್ಮ ಊರ ಮುಂದಿನ, ಕೆರೆ ಏರಿಯ ಮೇಲಿನ ವೀರಗಲ್ಲುಗಳಷ್ಟು ಒಳ್ಳೆಯ ಅಳತೆಗೋಲು ನನಗೆ ಬೇರೆ ಸಿಕ್ಕಿಲ್ಲ. ಸಾಮಾನ್ಯವಾಗಿ ಅವುಗಳಲ್ಲಿ ಮೂರು ಪಟ್ಟಿಕೆ. ಮೇಲಿನದರಲ್ಲಿ ವೀರ ಶಿವಲಿಂಗದ ಮುಂದೆ ಕುಳಿತಿರುತ್ತಾನೆ. ನಡುವಿನದರಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿರುತ್ತಾರೆ. ಕೆಳಗಿನದರಲ್ಲಿ ಕಾಳಗ: ಬಿಲ್ಲು, ಕತ್ತಿ, ಕಳ್ಳರು ಅಟ್ಟಿಕೊಂಡು ಹೋಗುತ್ತಿರುವ ತುರುಗಳು, ಬಿದ್ದ ಮೈಗಳು. ಬರಹವಿರುವ ಕಲ್ಲಾದರೆ ಯಾವ ಊರ ಮೇಲಿನ ದಾಳಿ, ಯಾರ ತುರು, ಯಾರಿಗಾಗಿ ಕಾದಿದ ಎಂಬುದಿರುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅವನ ಮನೆಯವರಿಗೆ ಬಿಟ್ಟ ಭೂಮಿಯ ಲೆಕ್ಕವೂ ಉಂಟು. ಆ ದಾನಕ್ಕೆ ನೆತ್ತರುಗೊಡಗೆ ಎಂದು ಹೆಸರು. ಹೇಗೆ ಸತ್ತ, ಯಾರ ಕೆಲಸದಲ್ಲಿ ಸತ್ತ, ಮನೆಯವರಿಗೆ ಏನು ಸಂದಿತು, ಸ್ವರ್ಗದ ಗೌರವ ಎಷ್ಟು, ಎಲ್ಲ ಒಂದೇ ಕಲ್ಲಿನ ಮೇಲೆ. ಕೆನಡಾದ ಹಾಕಿ ತನ್ನ ಸತ್ತವರಿಗೆ ಮೇಲಿನ ಎರಡು ಪಟ್ಟಿಕೆಗಳನ್ನು ಬಹಳ ಚೆನ್ನಾಗಿ ಕೆತ್ತಿತು. ಕೊಡಗೆಯನ್ನು ಮೊದಲು ಕೊಟ್ಟು ಆಮೇಲೆ ಮರೆಯಿತು. ಕೆಳಗಿನ ಪಟ್ಟಿಕೆಯನ್ನು ಬಹಳ ಕಾಲ ಖಾಲಿ ಬಿಟ್ಟಿತು.

ಕೊಡಗೆಯ ಕಾಲ ನಿಜವಾಗಿ ಇತ್ತು. 1933ರ ಡಿಸೆಂಬರ್ 12ರಂದು ಬಾಸ್ಟನ್‌ನಲ್ಲಿ ಟೊರಾಂಟೊ ತಂಡದ ಏಸ್ ಬೆಯ್ಲಿ ಅವರನ್ನು ಬಾಸ್ಟನ್‌ನ ಎಡ್ಡಿ ಶೋರ್ ಹಿಂದಿನಿಂದ ಬಂದು ಗುದ್ದಿದರು. ಕ್ಷಣದ ಹಿಂದೆ ಶೋರ್ ಅವರನ್ನು ಬೀಳಿಸಿದ್ದವರು ಟೊರಾಂಟೊದ ಬೇರೊಬ್ಬ ಆಟಗಾರ. ಕೋಪ ಸಿಕ್ಕಿದವರ ಮೇಲೆ ತಿರುಗಿತು. ಬೆಯ್ಲಿ ಬಿದ್ದಾಗ ತಲೆ ಮಂಜುಗಡ್ಡೆಗೆ ಬಡಿದು ಬುರುಡೆ ಬಿರಿಯಿತು. ವೈದ್ಯರು ಎರಡು ಬಾರಿ ಶಸ್ತ್ರಚಿಕಿತ್ಸೆ ಮಾಡಿದರು. ಉಳಿಯುವ ಆಸೆ ಕಡಿಮೆ ಇತ್ತು, ಆದರೂ ಅವರು ಉಳಿದರು, ಮತ್ತೆ ಆಡಲಿಲ್ಲ. 1934ರ ಫೆಬ್ರವರಿ 14ರಂದು ಅವರ ನೆರವಿಗಾಗಿ ಟೊರಾಂಟೊದಲ್ಲಿ ಪಂದ್ಯ ನಡೆದು 20,000 ಡಾಲರ್‌ಗೂ ಹೆಚ್ಚು ಸಂಗ್ರಹವಾಯಿತು. ಪಂದ್ಯಕ್ಕೆ ಮುಂಚೆ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದ ಮೇಲೆ ಬೆಯ್ಲಿ ಮತ್ತು ಶೋರ್ ಎಲ್ಲರ ಕಣ್ಣೆದುರು ಕೈಕುಲುಕಿದರು. ಬೆಯ್ಲಿ ತೊಟ್ಟಿದ್ದ 6ನ್ನು ಇನ್ನು ಯಾರಿಗೂ ಕೊಡುವುದಿಲ್ಲವೆಂದು ಕ್ಲಬ್ಬು ಸಾರಿತು. ಎನ್‌ಎಚ್‌ಎಲ್ ಎಂಬ ಆ ದೊಡ್ಡ ಲೀಗಿನಲ್ಲಿ ಅಂಕಿಯೊಂದನ್ನು ನಿವೃತ್ತಿಗೊಳಿಸಿದ್ದು ಅದೇ ಮೊದಲು. ತೆಂಡುಲ್ಕರ್ ಅವರ 10ನ್ನು ಬೇರೆಯವರಿಗೆ ಕೊಡುವುದಿಲ್ಲ ಎಂದಾಗ ನಾವು ಅದನ್ನು ಸಾಧನೆಗೆ ಸಂದ ಗೌರವವೆಂದು ಓದುತ್ತೇವೆ. ಹಾಕಿಯಲ್ಲಿ ಆ ಪದ್ಧತಿ ಹುಟ್ಟಿದ್ದು ಒಡೆದ ತಲೆಬುರುಡೆಯಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. ಬೆಯ್ಲಿಯವರ ವಿಷಯದಲ್ಲಿ ಹಣ, ಗೌರವ, ಏಟಿನ ಒಪ್ಪಿಗೆ ಮೂರೂ ಒಂದೇ ಸಂಜೆ ಒಂದೇ ಕಡೆ ಸೇರಿದ್ದವು: ಹೊಡೆದವರು ಹೊಡೆಸಿಕೊಂಡವರ ಮುಂದೆ ಬಂದು ನಿಂತಿದ್ದರು. ಆದರೆ ಶೋರ್ 16 ಪಂದ್ಯ ಹೊರಗಿದ್ದು ಮರಳಿದರು. ತಲೆಗೆ ಬೀಳುವ ಏಟಿನ ಬಗ್ಗೆ ಲೀಗು ಹೊಸದಾಗಿ ಏನನ್ನೂ ಕಲಿಯಲಿಲ್ಲ. ಹೆಲ್ಮೆಟ್ ಹಾಕುವ ಅಭ್ಯಾಸ ಆಗ ಬೇರೂರಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು.

ಮೂರು ವರ್ಷದ ಮೇಲೆ ಹೋವಿ ಮೊರೆಂಜ್ ಸತ್ತರು. ಆ ಸಾವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನೆನಪು ಕಾರಣವನ್ನು ಹೇಗೆ ಮುಚ್ಚುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ಮೊರೆಂಜ್ ಮಾಂಟ್ರಿಯಲ್ ಕನೇಡಿಯನ್ಸ್ ತಂಡದ ಜೀವ. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಹಾರ್ಟ್ ಟ್ರೋಫಿಯನ್ನು ಮೂರು ಬಾರಿ ಗೆದ್ದವರು. ವಯಸ್ಸಾಯಿತೆಂದು ತಂಡ ಅವರನ್ನು 1934ರಲ್ಲಿ ಷಿಕಾಗೊಗೆ ಕೊಟ್ಟುಬಿಟ್ಟಿತ್ತು, ಅಲ್ಲಿಂದ ನ್ಯೂಯಾರ್ಕ್‌ಗೆ ಹೋದರು, 1936ರಲ್ಲಿ ಮತ್ತೆ ಮಾಂಟ್ರಿಯಲ್‌ಗೆ ಬಂದರು. 1937ರ ಜನವರಿ 28ರಂದು ಷಿಕಾಗೊ ವಿರುದ್ಧದ ಪಂದ್ಯದಲ್ಲಿ ಅವರ ಸ್ಕೇಟಿನ ಅಲಗು ರಿಂಕಿನ ಹಲಗೆಗೆ ಸಿಕ್ಕಿಕೊಂಡಿತು, ಹಿಂದೆ ಬರುತ್ತಿದ್ದ ಎದುರಾಳಿ ಮೈಮೇಲೆ ಬಿದ್ದರು, ಎಡಗಾಲು ನಾಲ್ಕು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಮಲಗಿ ಐದು ವಾರ ಕಳೆದ ಮೇಲೆ, ಮಾರ್ಚ್ 8ರಂದು ರಕ್ತ ಹೆಪ್ಪುಗಟ್ಟಿ ಹೃದಯಕ್ಕೆ ತಗುಲಿ ಜೀವ ಹೋಯಿತು. 34 ವರ್ಷ. ಮೂರು ದಿನದ ಮೇಲೆ ಅವರ ಶವಪೆಟ್ಟಿಗೆಯನ್ನು ಮಾಂಟ್ರಿಯಲ್ ಫೋರಂ ಕ್ರೀಡಾಂಗಣದ ನಟ್ಟನಡುವೆ, ಅವರು ಆಟ ಶುರುಮಾಡುತ್ತಿದ್ದ ಜಾಗದಲ್ಲೇ ಇಟ್ಟರು. ಸಾವಿರಾರು ಜನ ಕುರ್ಚಿಗಳಲ್ಲಿ ಕುಳಿತಿದ್ದರು, ಸದ್ದಿರಲಿಲ್ಲ; ಹೊರಗೆ ಬೀದಿಗಳಲ್ಲಿ ಇನ್ನೂ ಸಾವಿರಾರು ಜನ. ನವೆಂಬರ್‌ನಲ್ಲಿ ಸ್ಮಾರಕ ಪಂದ್ಯ ನಡೆದು ಮನೆಯವರಿಗೆ ಹಣ ಸಂದಿತು, 7ನೆಯ ಅಂಕಿ ನಿವೃತ್ತವಾಯಿತು. ಅಷ್ಟರೊಳಗೆ ಒಂದು ಮಾತು ಹುಟ್ಟಿ ಬೆಳೆದಿತ್ತು: ಇನ್ನು ಆಡಲಾರೆನೆಂದು ತಿಳಿದು ಮೊರೆಂಜ್ ಎದೆಯೊಡೆದು ಸತ್ತರು. ಜೊತೆಗೆ ಆಡಿದವರೇ ಅದನ್ನು ಹೇಳಿದರು, ಪತ್ರಿಕೆಗಳು ಹೇಳಿದವು, ಇಂದಿಗೂ ಹೇಳುತ್ತಾರೆ. ಅದರಲ್ಲಿ ಪ್ರೀತಿ ಇದೆ, ನಿಜ. ಆದರೆ ಆ ಮಾತು ಮಾಡುವ ಕೆಲಸವೇನೆಂದು ನೋಡಿ. ಮುರಿದ ಕಾಲು, ತಿಂಗಳುಗಟ್ಟಲೆ ಅಲುಗದೆ ಮಲಗುವ ಅಂದಿನ ಚಿಕಿತ್ಸೆ, ಕಾಲಿನಿಂದ ಮೇಲೇರುವ ಹೆಪ್ಪು, ಸ್ಕೇಟು ಸಿಕ್ಕಿಕೊಳ್ಳುವಂಥ ಹಲಗೆ, ಇವೆಲ್ಲ ಮರೆಯಾಗಿ ಆಟದ ಮೇಲಿನ ಪ್ರೀತಿಯೊಂದೇ ಉಳಿಯುತ್ತದೆ. ಆಟ ಕೊಂದದ್ದು ಹೋಗಿ, ಆಟ ಇಲ್ಲದಿರುವುದು ಕೊಂದಂತಾಗುತ್ತದೆ.

ನೆರವಿನ ಪಂದ್ಯಗಳ ಗತಿ ಏನಾಯಿತೆಂಬುದನ್ನು ಬೇಗ ಹೇಳಿಬಿಡಬಹುದು. ಸ್ಟುವರ್ಟ್, ಬೆಯ್ಲಿ, ಮೊರೆಂಜ್, 1939ರಲ್ಲಿ ಮುಳುಗಿ ಸತ್ತ ಬೇಬ್ ಸೀಬರ್ಟ್, ಹೀಗೆ ಒಬ್ಬೊಬ್ಬರ ಮನೆಗಾಗಿ ನಡೆಯುತ್ತಿದ್ದ ಪಂದ್ಯ 1947ರಿಂದ ಪ್ರತಿವರ್ಷದ ಆಲ್‌ಸ್ಟಾರ್ ಪಂದ್ಯವಾಯಿತು. ಅದೇ ವರ್ಷ ಆಟಗಾರರ ಪಿಂಚಣಿ ನಿಧಿ ಹುಟ್ಟಿತು, ಪಂದ್ಯದ ಹಣದ ದೊಡ್ಡ ಪಾಲು ಅದಕ್ಕೆ ಹೋಗಬೇಕಿತ್ತು. ಒಬ್ಬರ ದಯೆಗೆ ಕಾಯುವ ಬದಲು ಎಲ್ಲರಿಗೂ ಹಕ್ಕಿನ ಹಣ ಎಂಬುದು ಒಳ್ಳೆಯ ಹೆಜ್ಜೆಯೇ. ಆದರೆ ನಿಧಿಯ ಲೆಕ್ಕ ತೋರಿಸಿ ಎಂದು ಕೇಳಿ, 1957ರಲ್ಲಿ ಆಟಗಾರರ ಸಂಘ ಕಟ್ಟಲು ಹೊರಟ ಟೆಡ್ ಲಿಂಡ್ಸೆ ಅವರನ್ನು ಡೆಟ್ರಾಯಿಟ್ ತಂಡ ಷಿಕಾಗೊಗೆ ಕಳುಹಿಸಿತು, ಸಂಘ ಮುರಿಯಿತು. 1990ರ ದಶಕದಲ್ಲಿ ಕಾರ್ಲ್ ಬ್ರೂವರ್ ಮತ್ತಿತರ ಹಳೆಯ ಆಟಗಾರರು ಕೋರ್ಟಿಗೆ ಹೋದ ಮೇಲೆಯೇ ನಿಧಿಯ ಹೆಚ್ಚುವರಿ ಹಣ ಆಟಗಾರರದ್ದು ಎಂಬ ತೀರ್ಪು ಬಂದದ್ದು. ಆ ಹೊತ್ತಿಗೆ ಅದಕ್ಕೆ ಹಕ್ಕುದಾರರಾಗಿದ್ದ ಎಷ್ಟೋ ಜನ ತೀರಿಕೊಂಡಿದ್ದರು, ಅವರಲ್ಲಿ ಕೆಲವರ ಅಂಕಿಗಳು ಸೂರಿಗೆ ಏರಿದ್ದವು.

ಇನ್ನು ಟ್ರೋಫಿಯ ವಿಷಯ. ಸತ್ತವರ ಹೆಸರಿನ ಟ್ರೋಫಿಗಳಲ್ಲಿ ಹಳೆಯದು ಗೋಲ್‌ಕೀಪರ್ ಜಾರ್ಜ್ ವೆಝಿನಾ ಅವರದು. ಕ್ಷಯದಿಂದ 1926ರಲ್ಲಿ ತೀರಿಕೊಂಡ ಅವರ ಹೆಸರಿನಲ್ಲಿ ಗೋಲ್‌ಕೀಪರ್‌ಗಳಿಗೇ ಬಹುಮಾನ. ಆ ಹೊಂದಿಕೆ ಸರಳ, ಸುಂದರ. ಬಿಲ್ ಮಾಸ್ಟರ್ಟನ್ ಅವರ ಹೆಸರಿನ ಟ್ರೋಫಿ ಹಾಗಲ್ಲ. ವಿನಿಪೆಗ್‌ನಲ್ಲಿ ಹುಟ್ಟಿದ ಮಾಸ್ಟರ್ಟನ್ ಡೆನ್ವರ್ ವಿಶ್ವವಿದ್ಯಾಲಯದ ಪರವಾಗಿ ಹೆಸರು ಮಾಡಿದ್ದರೂ ದೊಡ್ಡ ಲೀಗಿನಲ್ಲಿ ಜಾಗ ಸಿಗದೆ ಮಿನಿಯಾಪೊಲಿಸ್‌ನಲ್ಲಿ ಕಂಪನಿಯ ಕೆಲಸಕ್ಕೆ ಸೇರಿದ್ದರು. ಆರೇ ತಂಡಗಳಿದ್ದ ಲೀಗು 1967ರಲ್ಲಿ ಹನ್ನೆರಡಕ್ಕೆ ಏರಿದಾಗ ಅವರಿಗೆ ಬಾಗಿಲು ತೆರೆಯಿತು. ಮಿನಸೋಟ ನಾರ್ತ್ ಸ್ಟಾರ್ಸ್ ತಂಡದ ಚರಿತ್ರೆಯ ಮೊದಲ ಗೋಲು ಅವರದೇ. 1968ರ ಜನವರಿ 13ರಂದು ಓಕ್‌ಲೆಂಡ್ ವಿರುದ್ಧದ ಪಂದ್ಯದಲ್ಲಿ ಪಕ್ ಮುಂದಕ್ಕೆ ತಳ್ಳಿದ ಹೊತ್ತಿಗೆ ಇಬ್ಬರು ಎದುರಾಳಿಗಳು ಬಂದು ಬಡಿದರು, ಅವರು ಹಿಂದಕ್ಕೆ ಉರುಳಿದರು, ಹೆಲ್ಮೆಟ್ ಇಲ್ಲದ ತಲೆ ಮಂಜುಗಡ್ಡೆಗೆ ಅಪ್ಪಳಿಸಿತು. ಎರಡು ದಿನದ ಮೇಲೆ, 29ನೆಯ ವಯಸ್ಸಿನಲ್ಲಿ, ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಬಿಟ್ಟು ಸತ್ತರು. ಎನ್‌ಎಚ್‌ಎಲ್ ಪಂದ್ಯದಲ್ಲಿ ಆದ ಗಾಯದಿಂದಲೇ ನೇರವಾಗಿ ಸತ್ತ ಆಟಗಾರ ಅವರೊಬ್ಬರೇ. ಅದೇ ಋತುವಿನಲ್ಲಿ ಕ್ರೀಡಾ ಬರಹಗಾರರು ಅವರ ಹೆಸರಿನಲ್ಲಿ ಟ್ರೋಫಿ ಸ್ಥಾಪಿಸಿದರು. ಕೊಡುವುದು ಛಲ, ಕ್ರೀಡಾಮನೋಭಾವ ಮತ್ತು ಆಟದ ಮೇಲಿನ ನಿಷ್ಠೆಗೆ. ರೋಗದಿಂದಲೋ ದೊಡ್ಡ ಗಾಯದಿಂದಲೋ ಚೇತರಿಸಿಕೊಂಡು ಮತ್ತೆ ರಿಂಕಿಗೆ ಇಳಿದವರಿಗೆ ಅದು ಸಿಗುವುದೇ ಹೆಚ್ಚು.

ಮಾಸ್ಟರ್ಟನ್ ಮರಳಿ ಬರಲಿಲ್ಲ. ಅವರ ಹೆಸರು ಮಾತ್ರ ಪ್ರತಿವರ್ಷ, ಗಾಯವಾದರೂ ಮರಳಿ ಬಂದವರ ಕೊರಳಿಗೆ ಬೀಳುತ್ತದೆ. ಬರಹಗಾರರ ಉದ್ದೇಶ ಒಳ್ಳೆಯದೇ ಇತ್ತು ಎಂದು ನಾನು ನಂಬುತ್ತೇನೆ. ಅವರು ಮಾಸ್ಟರ್ಟನ್ ಅವರ ಗುಣವನ್ನು ನೆನೆದರು. ಆದರೆ ಗುಣದ ಜೊತೆಗೆ ಹೆಲ್ಮೆಟ್ಟಿನ ಮಾತೂ ಆ ಟ್ರೋಫಿಯ ಮೇಲೆ ಕೂತಿದ್ದರೆ? ಆ ಸಾವಿನ ನಂತರ ಕೆಲವರು ತಾವಾಗಿ ಹೆಲ್ಮೆಟ್ ಹಾಕಿದರು, ಲೀಗು ಹನ್ನೊಂದು ವರ್ಷ ಸುಮ್ಮನಿತ್ತು. 1979ರಲ್ಲಿ ಬಂದ ನಿಯಮವೂ ಆ ವರ್ಷದ ಜೂನ್‌ನಿಂದಾಚೆಗೆ ಒಪ್ಪಂದ ಮಾಡಿಕೊಂಡವರಿಗೆ ಮಾತ್ರ. ಹಳಬರು ಬೇಕಾದರೆ ಬರಿದಲೆಯಲ್ಲೇ ಆಡಬಹುದಿತ್ತು. ಕ್ರೇಗ್ ಮ್ಯಾಕ್‌ಟ್ಯಾವಿಶ್ 1997ರಲ್ಲಿ ನಿವೃತ್ತರಾಗುವವರೆಗೂ ಹಾಗೆಯೇ ಆಡಿದರು. ಮಾಸ್ಟರ್ಟನ್ ಸತ್ತು ಆಗಲೇ 29 ವರ್ಷ, ಅವರು ಬದುಕಿದಷ್ಟೇ ವರ್ಷ.

ಇಲ್ಲಿ ಎದ್ದುಬರುವ ಮೊದಲ ಆಕ್ಷೇಪ ನ್ಯಾಯವಾದದ್ದು. ಸೂತಕದ ಮನೆಯಲ್ಲಿ ವಿಚಾರಣೆ ಮಾಡುತ್ತಾರೆಯೇ? ಸತ್ತವರ ಒಳ್ಳೆಯದನ್ನಷ್ಟೇ ಆಡಬೇಕೆಂಬುದು ಎಲ್ಲ ನಾಡಿನ ಹಿರಿಯರ ಮಾತು. ನೆನಪಿನ ಕೆಲಸ ನೆನಪಿಗೆ, ತನಿಖೆಯ ಕೆಲಸ ತನಿಖೆಗೆ ಬಿಡುವುದೇ ಸರಿಯಲ್ಲವೇ? ಶವಪೆಟ್ಟಿಗೆಯ ಮುಂದೆ ನಿಂತ ಗಳಿಗೆಗೆ ಈ ಮಾತು ಸರಿ. ಆದರೆ ಟ್ರೋಫಿ ಆ ಗಳಿಗೆಯದಲ್ಲ, ಐವತ್ತು ಅರವತ್ತು ವರ್ಷ ಬಾಳುವಂಥದು. ಸೂರಿನ ಪಟ ಕ್ರೀಡಾಂಗಣ ಇರುವವರೆಗೂ ಇರುತ್ತದೆ. ಸೂತಕ ಕಳೆದ ಮೇಲೂ ಬಾಯಿ ಬಿಡದಿದ್ದರೆ ಅದನ್ನು ಸಂಕೋಚ ಎನ್ನಲಾಗದು. ತನಿಖೆ ಬೇರೆ ಕಡೆ ನಡೆಯಲಿ ಎಂದರೆ, ಅದು ನಡೆದದ್ದೇ ಅಪರೂಪ. ಮೆಕೋರ್ಟ್ ಪ್ರಕರಣದಲ್ಲಿ ನಡೆಯಿತು, ಯಾವ ಏಟು ಎಂದು ತಿಳಿಯದೆ ನಿಂತಿತು, ಮೆಕೋರ್ಟ್ ಹೆಸರು ಇಂದು ಆಟದ ಚರಿತ್ರೆಕಾರರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಯಾವ ಏಟು ಎಂಬ ಆ ಪ್ರಶ್ನೆಯೇ ನೂರು ವರ್ಷದ ಮೇಲೆ ಇನ್ನೊಂದು ವೇಷದಲ್ಲಿ ಬಂತು. ಎನ್‌ಫೋರ್ಸರ್ ಎಂದರೆ ತನ್ನ ತಂಡದ ಒಳ್ಳೆಯ ಆಟಗಾರರ ಮೈ ಮುಟ್ಟದಂತೆ ಎದುರಾಳಿಗಳನ್ನು ಮುಷ್ಟಿಯಿಂದ ಹೆದರಿಸಿಡುವ ಆಳು. ಡೆರೆಕ್ ಬೂಗಾರ್ಡ್ ಅಂಥವರು: ಆರೂವರೆ ಅಡಿಗೂ ಎತ್ತರದ ಮೈ, ಎನ್‌ಎಚ್‌ಎಲ್‌ನಲ್ಲಿ 277 ಪಂದ್ಯ, ಹೊಡೆದ ಗೋಲು 3, ಪೆನಾಲ್ಟಿ 589 ನಿಮಿಷ. ಲೆಕ್ಕವೇ ಅವರ ಕೆಲಸವೇನಿತ್ತೆಂದು ಹೇಳುತ್ತದೆ. ಹೆಲ್ಮೆಟ್ಟಿನ ಗಟ್ಟಿ ಚಿಪ್ಪಿಗೆ ಬರಿಗೈಯಲ್ಲಿ ಬಡಿದು ಗೆಣ್ಣು ಒಡೆಯುತ್ತದೆ, ಮೂಗು ಮುರಿಯುತ್ತದೆ, ನೋವಿಗೆ ಮಾತ್ರೆ, ಮಾತ್ರೆಯ ಚಟ. 2010ರ ಡಿಸೆಂಬರ್‌ನ ಒಂದು ಹೊಡೆದಾಟದಲ್ಲಿ ತಲೆಗೆ ಏಟು ತಿಂದ ಮೇಲೆ ಅವರು ಮತ್ತೆ ಆಡಲಿಲ್ಲ. 2011ರ ಮೇ 13ರಂದು ಮದ್ಯ ಮತ್ತು ನೋವಿನ ಮಾತ್ರೆ ಎರಡೂ ಸೇರಿ ಜೀವ ಹೋಯಿತು. 28 ವರ್ಷ. ಅದೇ ಆಗಸ್ಟ್‌ನಲ್ಲಿ ರಿಕ್ ರೈಪಿಯನ್ ಮತ್ತು ವೇಡ್ ಬೆಲಾಕ್, ಅವರೂ ರಿಂಕಿನ ಮೇಲೆ ಹೊಡೆದಾಡಿದವರೇ, ಹದಿನಾರು ದಿನದ ಅಂತರದಲ್ಲಿ ತೀರಿಕೊಂಡರು. ಬೂಗಾರ್ಡ್ ಮನೆಯವರು ಆ ದುಃಖದ ನಡುವೆ ಒಂದು ಕೆಲಸ ಮಾಡಿದರು. ಮಗನ ಮಿದುಳನ್ನು ಬಾಸ್ಟನ್ ವಿಶ್ವವಿದ್ಯಾಲಯದ ಡಾ. ಆ್ಯನ್ ಮೆಕೀ ಅವರ ಪ್ರಯೋಗಾಲಯಕ್ಕೆ ಕೊಟ್ಟರು. ಅಲ್ಲಿ ಮಿದುಳನ್ನು ತೆಳುವಾಗಿ ಸೀಳಿ, ಬಣ್ಣ ಹಾಕಿ, ಮಡಿಕೆಗಳ ಆಳದಲ್ಲಿ ಸಣ್ಣ ರಕ್ತನಾಳಗಳ ಸುತ್ತ ಟೌ ಎಂಬ ಪ್ರೋಟೀನು ಕಂದು ಕಲೆಯಾಗಿ ಕಟ್ಟಿಕೊಂಡಿದೆಯೇ ಎಂದು ನೋಡುತ್ತಾರೆ. ಮತ್ತೆಮತ್ತೆ ತಲೆಗೆ ಪೆಟ್ಟು ಬಿದ್ದು ಬರುವ, ವರ್ಷಗಳುದ್ದಕ್ಕೂ ಮಿದುಳನ್ನು ಸವೆಸುವ ಸಿಟಿಇ ಎಂಬ ರೋಗದ ಗುರುತು ಅದು. ಬದುಕಿದ್ದಾಗ ಅದನ್ನು ಖಚಿತವಾಗಿ ಕಂಡುಹಿಡಿಯುವ ಪರೀಕ್ಷೆ ಇಲ್ಲ. ಬೂಗಾರ್ಡ್ ಮಿದುಳಿನಲ್ಲಿ ಅದು ಇತ್ತು. ಅವರಿಗಿಂತ ಮುಂಚೆ ರೆಜಿ ಫ್ಲೆಮಿಂಗ್, ಬಾಬ್ ಪ್ರೋಬರ್ಟ್ ಅವರಲ್ಲಿ ಕಂಡಿತ್ತು.

ಅವರೆಲ್ಲ ಹೊಡೆದಾಟದವರು, ಅವರ ಪಾಡೇ ಬೇರೆ ಎಂದು ಆಗ ಹಲವರು ಸಮಾಧಾನ ಮಾಡಿಕೊಂಡರು. ಆದರೆ 1967, 1968ರಲ್ಲಿ ಸಭ್ಯ ಆಟಕ್ಕಾಗಿ ಬಹುಮಾನ ಪಡೆದ, ಹೆಲ್ಮೆಟ್ ಹಾಕಿದ ಮೊದಲ ದೊಡ್ಡ ತಾರೆಗಳಲ್ಲಿ ಒಬ್ಬರಾದ ಸ್ಟ್ಯಾನ್ ಮಿಕಿಟಾ ಅವರ ಮಿದುಳಿನಲ್ಲೂ ಅದು ಇತ್ತು. ಹನ್ನೊಂದು ಸ್ಟ್ಯಾನ್ಲಿ ಕಪ್ ಗೆದ್ದ, 16ನೆಯ ಅಂಕಿಯ ಪಟ ಮಾಂಟ್ರಿಯಲ್‌ನ ಸೂರಿನಲ್ಲಿ ತೂಗುತ್ತಿರುವ ಹೆನ್ರಿ ರಿಚರ್ಡ್ ಅವರದರಲ್ಲೂ ಇತ್ತು. ಹೆಲ್ಮೆಟ್ ಬುರುಡೆ ಒಡೆಯದಂತೆ ಕಾಯುತ್ತದೆ; ಒಳಗೆ ಮಿದುಳು ಅಲುಗಾಡಿ ಗೋಡೆಗೆ ಬಡಿಯುವುದನ್ನು ತಡೆಯಲಾರದು. ಮಿದುಳು ಕೊಟ್ಟ ಆ ಮನೆಗಳನ್ನು ನಾನು ಬಹಳ ದೊಡ್ಡ ನೆನಪುಗಾರರೆಂದು ಕರೆಯುತ್ತೇನೆ. ಗೌರವವೆಲ್ಲ ಮುಗಿದ ಮೇಲೆ, ಯಾರೂ ಕೇಳದಿದ್ದರೂ, ಕಲ್ಲಿನ ಕೆಳಗಿನ ಪಟ್ಟಿಕೆಯನ್ನು ಕೆತ್ತಿದವರು ಅವರು.

ಎರಡನೆಯ ಆಕ್ಷೇಪ ವಿಜ್ಞಾನದ್ದು, ಅದನ್ನು ತಳ್ಳಿಹಾಕಲಾಗದು. ಮಿದುಳು ಕೊಡುವವರು ಬಹುಪಾಲು ಏನೋ ಆಗಿದೆಯೆಂದು ಮೊದಲೇ ಅನುಮಾನ ಪಟ್ಟ ಮನೆಯವರು, ಆದ್ದರಿಂದ ಪ್ರಯೋಗಾಲಯದ ಲೆಕ್ಕದಿಂದ ಎಲ್ಲ ಆಟಗಾರರ ಲೆಕ್ಕ ಹೇಳಲು ಬರುವುದಿಲ್ಲ. ಟಾಡ್ ಯೂಯನ್ ಎಂಬ ಆಟಗಾರರ ಮಿದುಳಿನಲ್ಲಿ ಸಿಟಿಇ ಇಲ್ಲವೆಂದು ಮೊದಲ ಪರೀಕ್ಷೆ ಹೇಳಿತು, ಎರಡು ವರ್ಷದ ಮೇಲೆ ಮೆಕೀ ಇದೆ ಎಂದರು. ತಜ್ಞರ ಕಣ್ಣುಗಳೂ ಬೇರೆ ಬೇರೆ ಕಾಣಬಲ್ಲವು. ಲೀಗಿನ ಮುಖ್ಯಸ್ಥ ಗ್ಯಾರಿ ಬೆಟ್‌ಮನ್ 2019ರಲ್ಲಿ ಕೆನಡಾದ ಸಂಸತ್ತಿನ ಉಪಸಮಿತಿಯ ಮುಂದೆ, ಆಟಕ್ಕೂ ಈ ರೋಗಕ್ಕೂ ಖಚಿತ ಸಂಬಂಧ ಸಾಬೀತಾಗಿಲ್ಲ ಎಂದೇ ಹೇಳಿದರು. ಹಿಂದಿನ ವರ್ಷ 300ಕ್ಕೂ ಹೆಚ್ಚು ಮಾಜಿ ಆಟಗಾರರೊಂದಿಗೆ ಲೀಗು ಮಾಡಿಕೊಂಡ ಸುಮಾರು 1.89 ಕೋಟಿ ಡಾಲರ್‌ಗಳ ರಾಜಿಯಲ್ಲೂ ತಪ್ಪೊಪ್ಪಿಗೆ ಇರಲಿಲ್ಲ. ಆದರೆ ಸಾಕ್ಷ್ಯ ಅಲ್ಲೇ ನಿಂತಿಲ್ಲ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನ 1967ರಿಂದಾಚೆಗೆ ಎನ್‌ಎಚ್‌ಎಲ್‌ನಲ್ಲಿ ಆಡಿದವರನ್ನು ತೂಗಿ ನೋಡಿತು. ಹೊಡೆದಾಟದವರಲ್ಲಿ ಒಟ್ಟು ಸಾವುಗಳೇನೂ ಹೆಚ್ಚಿರಲಿಲ್ಲ, ಈ ಮಾತನ್ನು ಮುಚ್ಚಿಡಬಾರದು. ಆದರೆ ಸತ್ತವರು ಅದೇ ಕಾಲದ ಇತರರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತಿದ್ದರು. 2024ರ ಕೊನೆಯಲ್ಲಿ ಬಾಸ್ಟನ್ ಗುಂಪು 77 ಹಾಕಿ ಆಟಗಾರರ ಮಿದುಳುಗಳನ್ನು ಒಟ್ಟಿಗೆ ಪರೀಕ್ಷಿಸಿ, ಆಡಿದ ಒಂದೊಂದು ವರ್ಷಕ್ಕೂ ಸಿಟಿಇ ಸಂಭವದ ಪ್ರಮಾಣ ಸುಮಾರು ಶೇ 34ರಷ್ಟು ಏರುತ್ತದೆ ಎಂದಿತು. ದಾನ ಬಂದ ಮಿದುಳುಗಳಲ್ಲೇ ಹೆಚ್ಚು ಆಡಿದವರನ್ನು ಕಡಿಮೆ ಆಡಿದವರೊಂದಿಗೆ ಹೋಲಿಸಿದ ಲೆಕ್ಕವಿದು. ಅನುಮಾನವಿದ್ದವರಷ್ಟೇ ಕೊಟ್ಟರು ಎಂಬ ಆಕ್ಷೇಪದ ಬಲ ಇಲ್ಲಿ ಬಹಳ ಕಡಿಮೆ. 1907ರ ಕೋರ್ಟು ಒಂದು ಏಟನ್ನು ಬೆರಳು ಮಾಡಿ ತೋರಿಸಿ ಎಂದು ಕೇಳಿತ್ತು. ಕೊಲೆಯ ಮೊಕದ್ದಮೆಗೆ ಆ ಪ್ರಶ್ನೆ ತಕ್ಕದ್ದು. ಇಪ್ಪತ್ತು ವರ್ಷ ಹನಿ ಹನಿಯಾಗಿ ಕೂಡುವ ರೋಗಕ್ಕೆ ಅದನ್ನೇ ಕೇಳಿದರೆ ಉತ್ತರ ಎಂದೂ ಸಿಗದು, ಏಕೆಂದರೆ ಅಂಥ ಒಂದು ಏಟೇ ಇಲ್ಲ.

ಇನ್ನೊಂದು ಮಾತಿದೆ: ಅವರು ತಿಳಿದೇ ಆಡಿದರು, ಹಣ ಪಡೆದು ಆಡಿದರು, ಮತ್ತೆ ಕೇಳಿದರೂ ಆಡುತ್ತಿದ್ದರು. ಮುರಿಯುವ ಹಲ್ಲು, ಮೂಗು, ಕಾಲಿನ ಮಟ್ಟಿಗೆ ನಿಜ. ಐವತ್ತರಲ್ಲಿ ಮಕ್ಕಳ ಹೆಸರು ಮರೆಯುತ್ತದೆ ಎಂಬುದನ್ನು ಬೂಗಾರ್ಡ್ ತಲೆಮಾರಿಗೆ ಯಾರೂ ಹೇಳಿರಲಿಲ್ಲ; ಸತ್ತ ಹಾಕಿ ಆಟಗಾರರೊಬ್ಬರ ಮಿದುಳಿನಲ್ಲಿ ಸಿಟಿಇ ಮೊದಲು ಕಂಡದ್ದೇ 2009ರಲ್ಲಿ. ತಿಳಿದು ಆಡಬೇಕಾದರೆ ಹಿಂದೆ ಸತ್ತವರು ಹೇಗೆ ಸತ್ತರೆಂದು ತಿಳಿದಿರಬೇಕು. ವೀರಗಲ್ಲುಗಳು ತುರುಗಾಳಗವನ್ನು ನಿಲ್ಲಿಸಲಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೆ ಆ ಊರಿನ ಹುಡುಗ ಬಿಲ್ಲು ಹಿಡಿದು ಹೊರಡುವಾಗ ಆ ಕಲ್ಲಿನ ಪಕ್ಕದಲ್ಲೇ ಹಾದು ಹೋಗುತ್ತಿದ್ದ.

ನೆನಪೂ ಪ್ರಶ್ನೆಯೂ ಒಟ್ಟಿಗೆ ಹೋಗಲಾರವು ಎಂಬುದಕ್ಕೆ ಇತ್ತೀಚಿನ ಒಂದು ಸಾವು ಉತ್ತರವಾಗಿದೆ. ಪಿಟ್ಸ್‌ಬರ್ಗ್ ಪರ ಆಡಿದ್ದ ಆ್ಯಡಂ ಜಾನ್ಸನ್ 2023ರ ಅಕ್ಟೋಬರ್ 28ರಂದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನಾಟಿಂಗ್‌ಹ್ಯಾಮ್ ತಂಡಕ್ಕೆ ಆಡುತ್ತಿದ್ದಾಗ ಎದುರಾಳಿಯ ಸ್ಕೇಟು ಕತ್ತಿಗೆ ತಾಗಿ ಸತ್ತರು. 29 ವರ್ಷ. ತಂಡ ಅವರ 47ನೆಯ ಅಂಕಿಯನ್ನು ನಿವೃತ್ತಿಗೊಳಿಸಿತು. ಅದರ ಜೊತೆಗೇ ಪೊಲೀಸ್ ತನಿಖೆ ನಡೆಯಿತು, 2025ರಲ್ಲಿ ಮೊಕದ್ದಮೆ ಬೇಡವೆಂದು ತೀರ್ಮಾನವಾಯಿತು. ಎನ್‌ಎಚ್‌ಎಲ್‌ಗೆ ಆಟಗಾರರನ್ನು ತಯಾರು ಮಾಡುವ ಅಮೆರಿಕನ್ ಹಾಕಿ ಲೀಗು ಒಂದೇ ವರ್ಷದೊಳಗೆ ಕತ್ತಿನ ಕವಚವನ್ನು ಎಲ್ಲರಿಗೂ ಕಡ್ಡಾಯ ಮಾಡಿತು. ಇಲ್ಲಿ ದುಃಖಕ್ಕೆ ಏನೂ ಕಡಿಮೆಯಾಗಲಿಲ್ಲ, ಜಾನ್ಸನ್ ಹೆಸರಿಗೂ ಕುಂದು ಬರಲಿಲ್ಲ. ಎನ್‌ಎಚ್‌ಎಲ್ ಮಾತ್ರ ತನ್ನ ಹಳೆಯ ದಾರಿಯಲ್ಲೇ ನಡೆದು, 2026ರ ಋತುವಿನಿಂದ ಹೊಸದಾಗಿ ಬರುವವರಿಗಷ್ಟೇ ಕವಚ ಎಂದು ಒಪ್ಪಿದೆ. 1979ರ ಹೆಲ್ಮೆಟ್ಟೂ ಹಾಗೆಯೇ, 2013ರಲ್ಲಿ ಕಣ್ಣಿನ ರಕ್ಷಣೆಗೆ ಬಂದ ವೈಸರ್ ಕೂಡ ಹಾಗೆಯೇ. ಈಗ ಆಡುತ್ತಿರುವವರ ಕತ್ತು ಮುಂದೆ ಆಡುವವರ ಕತ್ತಿಗಿಂತ ಅಗ್ಗ ಎಂದು ಯಾರೂ ಅನ್ನುವುದಿಲ್ಲ, ನಿಯಮ ಮಾತ್ರ ಹಾಗೆಯೇ ಬರೆಯಲ್ಪಡುತ್ತದೆ.

2006ರ ಮಾರ್ಚ್ 11ರ ರಾತ್ರಿ ಮಾಂಟ್ರಿಯಲ್‌ನಲ್ಲಿ ಬರ್ನಿ ಜೆಫ್ರಿಯನ್ ಅವರ 5ನೆಯ ಅಂಕಿಯನ್ನು ಸೂರಿಗೆ ಏರಿಸುವ ಸಮಾರಂಭ ನಿಗದಿಯಾಗಿತ್ತು. ಜೆಫ್ರಿಯನ್ ಹೋವಿ ಮೊರೆಂಜ್ ಅವರ ಮಗಳ ಗಂಡ. ಫೋರಂನಲ್ಲಿ ಮೊರೆಂಜ್ ಅವರ ಅಂತ್ಯಸಂಸ್ಕಾರ ನಡೆದದ್ದೂ ಮಾರ್ಚ್ 11ರಂದೇ, 69 ವರ್ಷದ ಹಿಂದೆ. ಸಮಾರಂಭದ ದಿನ ಬೆಳಿಗ್ಗೆ ಜೆಫ್ರಿಯನ್ ಕ್ಯಾನ್ಸರಿನಿಂದ ತೀರಿಕೊಂಡರು; ಸಮಾರಂಭ ಮನೆಯವರ ಎದುರು ನಡೆಯಿತು. ಮೊರೆಂಜ್ ಅವರ 7ರ ಪಟವನ್ನು ಸೂರಿನಿಂದ ಅರ್ಧಕ್ಕೆ ಇಳಿಸಿದರು, ಜೆಫ್ರಿಯನ್ ಅವರ 5 ಕೆಳಗಿನಿಂದ ಏರಿಬಂದು ಅದರ ಪಕ್ಕ ನಿಂತಿತು, ಆಮೇಲೆ ಮಾವ ಅಳಿಯ ಇಬ್ಬರೂ ಒಟ್ಟಿಗೆ ಮೇಲೇರಿದರು. ಇದಕ್ಕಿಂತ ಸುಂದರವಾದ ನೆನಪಿನ ಗಳಿಗೆ ಆ ಆಟದಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ. ಜೆಫ್ರಿಯನ್ ಅವರ ಮೊಮ್ಮಗ ಬ್ಲೇಕ್ ಅದೇ ಮಾಂಟ್ರಿಯಲ್ ತಂಡ ಸೇರಿ, ತಾತ ಮುತ್ತಾತರ ಅಂಕಿಗಳನ್ನು ಜೋಡಿಸಿ 57 ತೊಟ್ಟು ಆಡಿದರು. 2012ರ ನವೆಂಬರ್ 9ರಂದು ಮಾಂಟ್ರಿಯಲ್‌ನ ಅದೇ ಕ್ರೀಡಾಂಗಣದಲ್ಲಿ, ಅದೇ ಎರಡು ಪಟಗಳ ಕೆಳಗೆ, ಅವರು ಅಮೆರಿಕನ್ ಹಾಕಿ ಲೀಗಿನ ಪಂದ್ಯವೊಂದನ್ನು ಆಡುತ್ತಿದ್ದರು. ಎದುರಾಳಿಯ ಡಿಕ್ಕಿಗೆ ಉರುಳಿದಾಗ ತಲೆಬುರುಡೆ ಒಳಕ್ಕೆ ಕುಸಿಯಿತು. ತುರ್ತು ಶಸ್ತ್ರಚಿಕಿತ್ಸೆ ನಡೆದು ಜೀವ ಉಳಿಯಿತು. ಮರುವರ್ಷ, 25ನೆಯ ವಯಸ್ಸಿನಲ್ಲಿ, ಅವರು ಆಟ ಬಿಟ್ಟರು.